ರಸಾಯನಕ್ಕೆ ಕಾಯಿಹಾಲು ಬದಲಿ ಅಲ್ಲ, ಮೊದಲಿನಿಂದ ಇದ್ದದ್ದೇ ಅದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯ ಅಡುಗೆ ಅಂಕಣದಲ್ಲಿ ಹಣ್ಣಿನ ರಸಾಯನ ಮಾಡುವ ವಿಧಾನ ಬಂದಿತ್ತು. ಅರ್ಧ ಲೀಟರ್ ಹಾಲು, ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಎರಡು ಚಮಚ ಕಸ್ಟರ್ಡ್ ಪುಡಿ, ಆಮೇಲೆ ಬಾಳೆಹಣ್ಣು, ಮಾವು, ದ್ರಾಕ್ಷಿ. ಫೋಟೋ ಚೆನ್ನಾಗಿತ್ತು. ನನ್ನ ತಕರಾರು ಕೊನೆಯ ಸಾಲಿನ ಬಗ್ಗೆ. ‘ಹಾಲು ಆಗದವರು ಬದಲಿಗೆ ತೆಂಗಿನಹಾಲು ಹಾಕಿಕೊಳ್ಳಬಹುದು’ ಅಂತ ಬರೆದಿದ್ದೀರಿ.

ನಾನು ಪುತ್ತೂರಿನವಳು. ನಮ್ಮ ಕಡೆ ರಸಾಯನ ಅಂದರೇನೇ ಕಾಯಿಹಾಲು. ಹಣ್ಣು, ಕಾಯಿಹಾಲು, ಬೆಲ್ಲ, ಏಲಕ್ಕಿ, ಮೇಲೆ ಒಂದಿಷ್ಟು ಹುರಿದ ಎಳ್ಳು. ಇಷ್ಟೇ. ನಾನು ಚಿಕ್ಕವಳಿದ್ದಾಗ ಅದಕ್ಕೆ ಹಸುವಿನ ಹಾಲು ಹಾಕಿದ್ದನ್ನು ನೋಡಿಯೇ ಇಲ್ಲ. ಹಟ್ಟಿಯಲ್ಲಿ ಎರಡು ಹಸು ಕರೆಯುತ್ತಿದ್ದ ಕಾಲದಲ್ಲೂ ಅಮ್ಮ ರಸಾಯನಕ್ಕೆ ಕಾಯಿಯನ್ನೇ ತುರಿಯುತ್ತಿದ್ದರು. ಹಳೇ ಮೈಸೂರಿನ ಕಡೆ ರಸಪುರಿ ಮಾವಿನ ಸೀಕರಣೆಗೆ ಹಾಲು ಹಾಕುತ್ತಾರೆ, ಅದು ಅವರ ಪದ್ಧತಿ, ಅದರ ರುಚಿಯೇ ಬೇರೆ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ರಸಾಯನ ಅಂತ ಹೆಸರಿಟ್ಟು, ಒಳಗೆ ಹಾಲು ತುಂಬಿ, ಮೊದಲಿನಿಂದ ಇದ್ದ ಕಾಯಿಹಾಲನ್ನು ‘ಬದಲಿ’ ಅಂತ ಕೊನೆಯ ಸಾಲಿಗೆ ತಳ್ಳುವುದು ಸರಿ ಕಾಣಲಿಲ್ಲ.

ಸುಮ್ನೆ ಹಳೆಯದರ ಮೇಲಿನ ಪ್ರೀತಿಗೆ ಇದನ್ನು ಬರೆಯುತ್ತಿಲ್ಲ. ನನ್ನ ಮೊಮ್ಮಗನಿಗೆ ಈಗ ನಾಲ್ಕು ವರ್ಷ. ಅವನಿಗೆ ಹಾಲು ಆಗುವುದಿಲ್ಲ. ಏಳು ತಿಂಗಳಿದ್ದಾಗ ಅನ್ನಪ್ರಾಶನಕ್ಕೆ ಒಂದು ಚಮಚ ಹಾಲುಪಾಯಸ ಬಾಯಿಗಿಟ್ಟೆವು. ಹತ್ತು ನಿಮಿಷದಲ್ಲಿ ಮುಖವೆಲ್ಲ ದದ್ದು, ತುಟಿ ಊದಿತು, ವಾಂತಿ ಶುರುವಾಯಿತು. ಹಾಲಿನ ಪ್ರೋಟೀನಿಗೆ ಅಲರ್ಜಿ ಅಂತ ಮಕ್ಕಳ ಡಾಕ್ಟರು ಹೇಳಿದರು. ಬೆಳೆಯುತ್ತಾ ಹೆಚ್ಚಿನ ಮಕ್ಕಳಿಗೆ ಇದು ಹೋಗುತ್ತದೆ, ಕಾಯೋಣ, ಅಲ್ಲಿಯವರೆಗೆ ಒಂದು ತೊಟ್ಟೂ ಬೇಡ ಅಂದರು. ಅಂದಿನಿಂದ ನಮ್ಮ ಮನೆಯ ಸಿಹಿ ತಿಂಡಿ ಎಲ್ಲವನ್ನೂ ಕಾಯಿಹಾಲಿನ ಕಡೆಗೇ ತಿರುಗಿಸಿದೆವು. ತಿರುಗಿಸುವುದಕ್ಕೆ ಕಷ್ಟವೇ ಆಗಲಿಲ್ಲ, ಯಾಕೆಂದರೆ ನಮ್ಮ ಅಡುಗೆಯಲ್ಲಿ ಅರ್ಧಕ್ಕರ್ಧ ಸಿಹಿ ಮೊದಲೇ ಹಾಗಿತ್ತು.

ಹೋದ ವರ್ಷ ಏಪ್ರಿಲ್‌ನಲ್ಲಿ ನೆಂಟರ ಮನೆಯ ಮದುವೆ. ಊಟಕ್ಕೆ ಕೂತೆವು. ಹೋಳಿಗೆ ಬಂತು, ತುಪ್ಪ ಇದೆ, ಬೇಡ ಅಂದೆ. ಪಾಯಸ ಬಂತು, ಬೇಡ. ಲಾಡು, ಬೇಡ. ಮಗು ನನ್ನ ಮುಖ ನೋಡುತ್ತಾ ಕೂತಿತ್ತು. ಆಮೇಲೆ ರಸಾಯನ ಬಂತು. ‘ಇದು ನಿಂಗೆ ಆಗ್ತದೆ ಪುಟ್ಟಾ, ತಿನ್ನು’ ಅಂತ ನಾನೇ ಹೇಳಿದೆ. ಬಡಿಸುವವರನ್ನು ಕೇಳಲಿಲ್ಲ, ಕೇಳಬೇಕು ಅಂತ ಅನಿಸಲೂ ಇಲ್ಲ, ಯಾಕೆಂದರೆ ನಮ್ಮೂರ ಮದುವೆಯ ರಸಾಯನದಲ್ಲಿ ಹಾಲಿರಬಹುದು ಅನ್ನುವುದೇ ನನ್ನ ತಲೆಗೆ ಹೊಳೆಯಲಿಲ್ಲ. ಎರಡು ಚಮಚ ತಿಂದ. ‘ಅಜ್ಜೀ, ಬಾಯಿ ತುರಿಸ್ತದೆ’ ಅಂದ. ನೋಡುತ್ತಿದ್ದಂತೆ ತುಟಿ ದಪ್ಪವಾಯಿತು. ಮಗಳ ಚೀಲದಲ್ಲಿ ಔಷಧಿ ಇತ್ತು, ಕೊಟ್ಟೆವು, ಆಸ್ಪತ್ರೆಗೂ ಓಡಿದೆವು, ಸಂಜೆ ಹೊತ್ತಿಗೆ ಸರಿಯಾದ. ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ.

ಮರುದಿನ ಅಡುಗೆ ಮಾಡಿದ ಭಟ್ಟರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಏನು ಹಾಕಿದ್ದಿರಿ ಅಂತ ತಿಳಿಯುವುದಕ್ಕೆ. ಅವರು ಪಾಪ ತುಂಬಾ ನೊಂದುಕೊಂಡರು. ‘ಎಂತ ಮಾಡುದು ಅಕ್ಕಾ, ಐನೂರು ಜನಕ್ಕೆ ಕಾಯಿಹಾಲು ಹಿಂಡ್ಲಿಕ್ಕೆ ಆಳು ಎಲ್ಲಿದ್ದಾರೆ? ಕಾಯಿಗೂ ಕ್ರಯ ಏರಿದೆ. ಈ ಸೆಕೆಗೆ ಬೆಳಿಗ್ಗೆ ಹಿಂಡಿದ್ದು ಊಟದ ಹೊತ್ತಿಗೆ ಹುಳಿ ಬರ್ತದೆ. ಡಬ್ಬಿ ಹಾಲು ಹಾಕಿದ್ರೆ ದಪ್ಪವೂ ಆಗ್ತದೆ, ಖರ್ಚೂ ಕಮ್ಮಿ. ಈಗಿನವರಿಗೆ ಅದೇ ರುಚಿ’ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇಲ್ಲ. ಅದಕ್ಕೇ ಈ ಪತ್ರ ಇಷ್ಟು ಉದ್ದ ಆಗುತ್ತಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಹಾಲು ಆಗುವುದಿಲ್ಲ ಅನ್ನುವ ಮಾತಿನ ಬಗ್ಗೆ. ಇದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಮ್ಮ ಯಜಮಾನರಿಗೂ ಹಾಲು ಆಗುವುದಿಲ್ಲ, ಆದರೆ ಅವರದು ಬೇರೆ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ. ಅದನ್ನು ಕರಗಿಸುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಚಿಕ್ಕ ಮಕ್ಕಳಲ್ಲಿ ಚೆನ್ನಾಗಿರುತ್ತದೆ, ಬೆಳೆಯುತ್ತಾ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಪ್ರಪಂಚದ ಜನರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಹೀಗೆಯೇ. ನಮ್ಮ ದೇಶದಲ್ಲೂ ಉತ್ತರದವರಿಗಿಂತ ದಕ್ಷಿಣದವರಲ್ಲಿ ಜಾಸ್ತಿ. ಹಾಗಾಗಿ ಒಂದು ದೊಡ್ಡ ಲೋಟ ಹಾಲು ಕುಡಿದರೆ ಅವರಿಗೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಮಜ್ಜಿಗೆ ಆಗುತ್ತದೆ, ತುಪ್ಪ ಆಗುತ್ತದೆ, ಕಾಫಿಗೆ ಹಾಕುವಷ್ಟು ಹಾಲೂ ಆಗುತ್ತದೆ. ಮಗುವಿನದು ಹಾಗಲ್ಲ. ಅವನ ಮೈ ಹಾಲಿನ ಪ್ರೋಟೀನನ್ನೇ ಶತ್ರು ಅಂತ ತಿಳಿಯುತ್ತದೆ. ಅವನಿಗೆ ಮೊಸರೂ ಇಲ್ಲ, ಮಜ್ಜಿಗೆಯೂ ಇಲ್ಲ, ತುಪ್ಪದಲ್ಲಿ ಕೂಡ ಚೂರು ಪ್ರೋಟೀನ್ ಉಳಿದಿರುತ್ತದೆ ಅಂತ ಅದನ್ನೂ ಕೊಡುವುದಿಲ್ಲ. ಹಾಲು ಕಲಸಿದ ಸೌಟನ್ನು ಅವನ ಪಾತ್ರೆಗೆ ಅದ್ದುವುದೂ ಇಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ‘ಮೇಕೆ ಹಾಲು ಕೊಟ್ಟು ನೋಡಿ’ ಅನ್ನುವವರು ಸಿಗುತ್ತಾರೆ. ‘ನಾಟಿ ಹಸುವಿನ ಹಾಲಾದರೆ ಏನೂ ಆಗುವುದಿಲ್ಲ’ ಅನ್ನುವವರು ಇನ್ನೂ ಜಾಸ್ತಿ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೇಕೆ ಹಾಲಿನ ಪ್ರೋಟೀನೂ ಹಸುವಿನ ಹಾಲಿನ ಪ್ರೋಟೀನನ್ನೇ ಬಹಳ ಹೋಲುತ್ತದೆ, ಇಂಥ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಅದೂ ಆಗುವುದಿಲ್ಲ. ನಾಟಿ ಹಸುವಿನ ಹಾಲಿನಲ್ಲೂ ಅದೇ ಪ್ರೋಟೀನುಗಳಿವೆ. ಡಾಕ್ಟರನ್ನು ಕೇಳದೆ ಮನೆಯಲ್ಲಿ ‘ಕೊಟ್ಟು ನೋಡುವ’ ಕೆಲಸ ಯಾರೂ ಮಾಡಬೇಡಿ.

ಅಂಗಡಿಯ ಡಬ್ಬಿಗಳ ವಿಷಯದಲ್ಲೂ ನಾವು ಪೆಟ್ಟು ತಿಂದೇ ಕಲಿತೆವು. ‘ನಾನ್ ಡೇರಿ’ ಅಂತ ಬರೆದ ಕ್ರೀಮ್ ತಂದೆವು, ಹಿಂದೆ ತಿರುಗಿಸಿ ಓದಿದರೆ ಸೋಡಿಯಂ ಕೇಸಿನೇಟ್ ಅಂತ ಇತ್ತು. ಅದು ಹಾಲಿನ ಪ್ರೋಟೀನೇ. ‘ಫ್ರೋಜನ್ ಡೆಸರ್ಟ್’ ಅಂತ ಬರೆದದ್ದನ್ನು ಹಾಲಿಲ್ಲದ ಐಸ್‌ಕ್ರೀಮ್ ಅಂದುಕೊಳ್ಳುವವರಿದ್ದಾರೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆ ಇರುತ್ತದೆ ಅಷ್ಟೇ, ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನನಗೆ ತುಂಬಾ ಬೇಜಾರಾದದ್ದು ತೆಂಗಿನಹಾಲಿನ ಪುಡಿಯ ವಿಷಯದಲ್ಲಿ. ಕಾಯಿ ತುರಿಯಲು ಆಗದ ದಿನಕ್ಕೆ ಇರಲಿ ಅಂತ ಒಂದು ಪ್ಯಾಕೆಟ್ ತಂದರೆ ಅದರಲ್ಲೂ ಅದೇ ಕೇಸಿನೇಟ್. ತೆಂಗಿನ ಚಿತ್ರ ಹಾಕಿ ಒಳಗೆ ಹಾಲಿನ ಅಂಶ! ನಮ್ಮ ದೇಶದಲ್ಲಿ 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಆಹಾರದಲ್ಲಿ ಹಾಲಿನ ಅಂಶ ಇದ್ದರೆ ಇದೆ ಅಂತ ಬರೆಯಲೇಬೇಕು. ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿಕೊಂಡು ಓದಬೇಕು. ನನ್ನ ತಂಗಿಯ ಮಗಳು ಲಂಡನ್‌ನಲ್ಲಿದ್ದಾಳೆ. ಅಲ್ಲಿ ಹೋಟೆಲಿನವರೂ ಹಾಲು, ಕಡಲೆಕಾಯಿ, ಎಳ್ಳು ಹೀಗೆ 14 ಬಗೆಯ ಪದಾರ್ಥಗಳಲ್ಲಿ ಯಾವುದು ಇದೆ ಅಂತ ಗಿರಾಕಿಗೆ ತಿಳಿಸಲೇಬೇಕು ಅನ್ನುವ ಕಾನೂನಿದೆಯಂತೆ. ನಮ್ಮ ಮದುವೆ ಮನೆಗೆ ಕಾನೂನು ಬೇಡ. ಬಡಿಸುವವರು ‘ಇದಕ್ಕೆ ಹಾಲು ಹಾಕಿದ್ದೇವೆ’ ಅಂತ ಒಂದು ಮಾತು ಹೇಳಿದರೆ ಸಾಕು, ಅಲ್ವಾ?

ಇನ್ನು ಅಡುಗೆಗೆ ಬರುತ್ತೇನೆ. ನಿಮ್ಮ ಅಂಕಣದಲ್ಲಿ ಕಾಯಿಹಾಲನ್ನು ಬದಲಿ ಅಂತ ಹೇಳಿದಿರಿ, ಆದರೆ ಅದನ್ನು ತೆಗೆಯುವುದು ಹೇಗೆ ಅಂತ ಒಂದು ಸಾಲೂ ಇರಲಿಲ್ಲ. ರಸಾಯನ ಕೆಡುವುದು ಮುಕ್ಕಾಲು ಪಾಲು ಅಲ್ಲಿಯೇ.

ಕಾಯಿ ಚೆನ್ನಾಗಿ ಬಲಿತಿರಬೇಕು. ಎಳೆಯದಾದರೆ ನೀರು ನೀರು ಹಾಲು ಬರುತ್ತದೆ. ತುಂಬಾ ಹಳೆಯದಾಗಿ ಕೊಬ್ಬರಿಯ ಕಡೆ ತಿರುಗಿದ್ದರೆ ಎಣ್ಣೆ ವಾಸನೆ. ಒಡೆದ ಕಾಯಿಯ ನೀರನ್ನು ಕುಡಿದು ನೋಡಿ, ಸಿಹಿ ಇದ್ದರೆ ಕಾಯಿಯೂ ಸರಿ ಇದೆ, ಹುಳಿ ಇದ್ದರೆ ಆ ಕಾಯಿ ಬೇಡ. ತುರಿಯುವಾಗ ಚಿಪ್ಪಿನ ಹತ್ತಿರ ಹೋಗಬಾರದು. ಆ ಕಂದು ಸಿಪ್ಪೆ ಸೇರಿದರೆ ಹಾಲಿನ ಬಣ್ಣ ಮಂಕಾಗುತ್ತದೆ. ಫ್ರಿಜ್‌ನಲ್ಲಿಟ್ಟ ತುರಿಯಾದರೆ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ರುಬ್ಬಿ. ಇದಕ್ಕೆ ಕಾರಣ ಇದೆ. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ತುರಿ ತಣ್ಣಗಿದ್ದರೆ ಜಿಡ್ಡೆಲ್ಲ ತುರಿಯಲ್ಲೇ ಉಳಿಯುತ್ತದೆ, ಬಟ್ಟೆಯಿಂದ ಬರೀ ಬಿಳಿ ನೀರು ಇಳಿಯುತ್ತದೆ. ಅದಕ್ಕೇ ರುಬ್ಬುವ ನೀರು ಉಗುರುಬೆಚ್ಚಗಿರಬೇಕು. ಕುದಿಯುವ ನೀರು ಬೇಡ.

ಒಂದು ಕಾಯಿಯ ತುರಿಗೆ ಮುಕ್ಕಾಲು ಲೋಟ ನೀರು. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ತೆಳು ಹತ್ತಿ ಬಟ್ಟೆಯಲ್ಲಿ ಹಾಕಿ ಹಿಂಡಿ, ಹಳೆಯ ಪಂಚೆಯ ತುಂಡು ಇದಕ್ಕೆ ಬಹಳ ಒಳ್ಳೆಯದು. ಸುಮಾರು ಒಂದು ಲೋಟ ದಪ್ಪ ಹಾಲು ಬರುತ್ತದೆ. ಇದು ಮೊದಲ ಹಾಲು. ಅದನ್ನು ಬೇರೆ ಇಡಿ. ಅದೇ ತುರಿಗೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೇ ಹಾಲು. ಬಾಳೆಹಣ್ಣಿನ ರಸಾಯನಕ್ಕೆ ಮೊದಲ ಹಾಲು ಪೂರ್ತಿ, ಎರಡನೆಯದು ಬೇಕಾದಷ್ಟು. ಹಿಂಡಿದ ತುರಿಯನ್ನು ಎಸೆಯಬೇಡಿ, ಹುರಿದು ಚಟ್ನಿಪುಡಿಗೆ ಹಾಕಿ.

ಬೆಲ್ಲವನ್ನು ನೇರವಾಗಿ ಹಾಕಬಾರದು, ಕಲ್ಲು ಮಣ್ಣು ಇರುತ್ತದೆ. ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ. ಬಿಸಿ ಬೆಲ್ಲದ ನೀರು ಬಿದ್ದರೆ ಹಣ್ಣೂ ಮೆತ್ತಗಾಗುತ್ತದೆ, ರಸಾಯನವೂ ಬೇಗ ಹುಳಿ ಬರುತ್ತದೆ. ಬೆಲ್ಲದ ಪಾಯಸಕ್ಕೆ ಬಿಸಿಯಲ್ಲಿ ಹಸುವಿನ ಹಾಲು ಹಾಕಿದರೆ ಒಡೆಯುವುದನ್ನು ಎಲ್ಲರೂ ನೋಡಿದ್ದೀರಿ. ಕಾಯಿಹಾಲು ಬೆಲ್ಲಕ್ಕೆ ಹಾಗೆ ಒಡೆಯುವುದಿಲ್ಲ. ನಮ್ಮ ಕಡೆಯ ಬೆಲ್ಲದ ಪಾಯಸಗಳಿಗೆಲ್ಲ ಕಾಯಿಹಾಲು ಹೊಂದಿಕೊಂಡಿರುವುದು ಸುಮ್ನೆ ಅಲ್ಲ.

ಹಣ್ಣು ಹತ್ತರಿಂದ ಹನ್ನೆರಡು ಪುಟ್ಟಬಾಳೆ ಅಥವಾ ಕದಳಿ. ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬಂದಿರಬೇಕು, ಆಗ ಸರಿಯಾದ ಪರಿಮಳ. ನಂಜನಗೂಡು ರಸಬಾಳೆ ಸಿಕ್ಕರೆ ಅದಕ್ಕಿಂತ ಭಾಗ್ಯ ಇಲ್ಲ, ಆದರೆ ಅದು ನಮ್ಮ ಕಡೆ ಅಪರೂಪ. ಹಣ್ಣನ್ನು ಸಣ್ಣಗೆ ಹೆಚ್ಚಿ, ಆರಿದ ಬೆಲ್ಲದ ನೀರು ಹಾಕಿ ಹತ್ತು ನಿಮಿಷ ಬಿಡಿ. ಸಿಹಿ ತಾಗಿದ ಕೂಡಲೇ ಹಣ್ಣು ತನ್ನ ರಸ ಬಿಡಲು ಶುರುಮಾಡುತ್ತದೆ. ಈ ಹತ್ತು ನಿಮಿಷವನ್ನು ಯಾರೂ ಉಳಿಸಬೇಡಿ, ರುಚಿ ಹುಟ್ಟುವುದು ಇಲ್ಲಿಯೇ. ಆಮೇಲೆ ಕಾಯಿಹಾಲು, ಮೂರು ನಾಲ್ಕು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಮರೆಯಬೇಡಿ. ಕಡೆಗೆ ಒಂದು ಚಮಚ ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು ಮೇಲೆ ಉದುರಿಸಿ. ಮೆತ್ತಗಿನ ಹಣ್ಣಿನ ನಡುವೆ ಹಲ್ಲಿಗೆ ಸಿಗುವುದು ಅದೊಂದೇ. ಆರು ಜನಕ್ಕೆ ಧಾರಾಳ ಆಗುತ್ತದೆ. ಒತ್ತು ಶ್ಯಾವಿಗೆ, ನಮ್ಮ ಸೇಮಿಗೆ, ಅದರ ಜೊತೆಗೆ ಹಾಕಿಕೊಂಡು ತಿಂದರೆ ಬೆಳಗಿನ ತಿಂಡಿಯೇ ಆಯಿತು. ನೀರುದೋಸೆಗೂ ಆಗುತ್ತದೆ.

ಇದನ್ನು ಉಳಿಸಿಕೊಂಡು ಮರುದಿನ ತಿನ್ನುವುದು ಬೇಡ. ಹೊರಗಿಟ್ಟರೆ ಮೂರು ನಾಲ್ಕು ಗಂಟೆ, ಸೆಕೆ ಜಾಸ್ತಿ ಇದ್ದರೆ ಅಷ್ಟೂ ಇಲ್ಲ.

ಬೇರೆ ಹಣ್ಣುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಚಿಕ್ಕುವಿಗೆ ಬೆಲ್ಲ ಅರ್ಧ ಸಾಕು. ಕರಬೂಜ ನೀರು ಬಿಡುವ ಹಣ್ಣು, ಹಾಗಾಗಿ ಮೊದಲ ಹಾಲು ಮಾತ್ರ ಹಾಕಿ. ರಾಮನವಮಿಗೆ ಕರಬೂಜದ ರಸಾಯನ ಮಾಡುವವರು ರಾಜ್ಯದ ತುಂಬಾ ಇದ್ದಾರೆ. ಉಡುಪಿ ಕಡೆ ಬೇಸಿಗೆಯಲ್ಲಿ ಇಬ್ಬುಡ್ಲ ಹಣ್ಣು ಬರುತ್ತದೆ, ಬಾಯಿಗಿಟ್ಟರೆ ಹಿಟ್ಟಿನ ಹಾಗೆ ಕರಗುತ್ತದೆ, ಬರೀ ತಿಂದರೆ ಸಪ್ಪೆ, ಕಾಯಿಹಾಲು ಬೆಲ್ಲ ಸೇರಿದರೆ ಆ ಹಣ್ಣೇ ಬೇರೆ. ಅನಾನಸನ್ನು ಹಾಲಿಗೆ ಹಾಕಿ ನೋಡಿದವರಿಗೆ ಗೊತ್ತು, ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ಹಸಿ ಅನಾನಸಿನಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ, ಅದು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಆ ಕಹಿ. ಕಾಯಿಹಾಲಿನಲ್ಲಿ ಪ್ರೋಟೀನ್ ಕಡಿಮೆ, ಆದ್ದರಿಂದ ಆ ತಾಪತ್ರಯವೂ ಕಡಿಮೆ. ನಾನು ಆದರೂ ಅನಾನಸನ್ನು ಸ್ವಲ್ಪ ಸಕ್ಕರೆ ಹಾಕಿ ಐದು ನಿಮಿಷ ಬೇಯಿಸಿ, ಆರಿಸಿ ಹಾಕುತ್ತೇನೆ.

ಹಲಸಿನ ಹಣ್ಣಿಗೆ ರಸಾಯನಕ್ಕಿಂತ ಪಾಯಸ ಒಳ್ಳೆಯದು. ಬಕ್ಕೆ ಹಲಸಿನ ತೊಳೆಗಳನ್ನು ಸಣ್ಣಗೆ ಹೆಚ್ಚಿ ಎರಡನೇ ಹಾಲಿನಲ್ಲಿ ಬೇಯಿಸುವುದು, ಬೆಂದ ಮೇಲೆ ಬೆಲ್ಲ, ಒಲೆ ಆರಿಸಿದ ಮೇಲೆ ಮೊದಲ ಹಾಲು. ಮೊದಲ ಹಾಲನ್ನು ಕುದಿಸಿದರೆ ಎಣ್ಣೆ ಬಿಟ್ಟುಕೊಂಡು ಒಡೆದ ಹಾಗಾಗುತ್ತದೆ. ಹಣ್ಣನ್ನು ಬೆಲ್ಲದ ಜೊತೆ ಗಟ್ಟಿಯಾಗಿ ಕಾಯಿಸಿ ಬೆರಟಿ ಮಾಡಿಟ್ಟುಕೊಂಡವರಿಗೆ ಮಳೆಗಾಲದಲ್ಲೂ ಇದೇ ಪಾಯಸ ಸಿಗುತ್ತದೆ. ಬೆರಟಿಗೆ ತುಪ್ಪ ಹಾಕುವವರಿದ್ದಾರೆ, ಕೇಳಿ ತಿಳಿದುಕೊಳ್ಳಿ. ನಾನು ಈಗ ತೆಂಗಿನೆಣ್ಣೆಯಲ್ಲಿ ಕಾಯಿಸುತ್ತೇನೆ, ಪರಿಮಳಕ್ಕೆ ಏನೂ ಕಮ್ಮಿ ಇಲ್ಲ.

ಮಕ್ಕಳಿಗೆ ಐಸ್‌ಕ್ರೀಮ್ ಬೇಕು. ಬೇರೆ ಮಕ್ಕಳು ತಿನ್ನುವಾಗ ಇವನು ಸುಮ್ಮನೆ ಕೂರುವುದನ್ನು ನೋಡಲು ಆಗುವುದಿಲ್ಲ. ಅದಕ್ಕೂ ದಾರಿ ಇದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಫ್ರೀಜರಿನಲ್ಲಿ ರಾತ್ರಿ ಇಡಿ. ಬೆಳಿಗ್ಗೆ ಹೊರಗೆ ತೆಗೆದು ಐದು ನಿಮಿಷ ಬಿಟ್ಟು, ಎರಡು ಮೂರು ಚಮಚ ಮೊದಲ ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಮೊದಲು ರವೆಯ ಹಾಗೆ ಪುಡಿ ಪುಡಿಯಾಗುತ್ತದೆ, ಆಗ ಹಾಳಾಯಿತು ಅಂತ ನಿಲ್ಲಿಸಬೇಡಿ. ಬದಿಯಲ್ಲಿ ಅಂಟಿದ್ದನ್ನು ಚಮಚದಿಂದ ಎಳೆದು ಮತ್ತೆ ತಿರುಗಿಸಿದರೆ ಒಮ್ಮೆಲೇ ನುಣ್ಣಗೆ, ಬೆಣ್ಣೆಯ ಹಾಗೆ ಬರುತ್ತದೆ. ಮಿಕ್ಸಿ ಬಿಸಿಯಾಗದಂತೆ ಸ್ವಲ್ಪ ಸ್ವಲ್ಪವೇ ಹಾಕಿ. ಮಾವಿನ ಹೋಳನ್ನೂ ಹೀಗೇ ಸೇರಿಸಬಹುದು. ಸಕ್ಕರೆಯೇ ಬೇಡ. ಅವನ ಮೂರನೇ ಹುಟ್ಟುಹಬ್ಬಕ್ಕೆ ಓಣಿಯ ಮಕ್ಕಳಿಗೆಲ್ಲ ಇದನ್ನೇ ಕೊಟ್ಟೆವು. ಎಲ್ಲರ ಕೈಯಲ್ಲೂ ಒಂದೇ ಬಟ್ಟಲು, ಅವನ ಕೈಯಲ್ಲೂ ಅದೇ. ಅವತ್ತು ನನ್ನ ಮಗಳು ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು.

ಎಳನೀರಿನ ಪುಡಿಂಗ್ ಈಗ ನಮ್ಮ ಕಡೆ ಎಲ್ಲ ಸಮಾರಂಭಗಳಲ್ಲೂ ಬಂದಿದೆ, ಅದಕ್ಕೂ ಡಬ್ಬಿ ಹಾಲು ಹಾಕುತ್ತಾರೆ. ಬೇಕಾಗಿಲ್ಲ. ಚೈನಾಗ್ರಾಸ್ ಕಡಲಪಾಚಿಯಿಂದ ಮಾಡುವುದು, ಅದರಲ್ಲಿ ಹಾಲೂ ಇಲ್ಲ, ಮಾಂಸದ ಅಂಶವೂ ಇಲ್ಲ. 10 ಗ್ರಾಂ ಚೈನಾಗ್ರಾಸನ್ನು ನೀರಿನಲ್ಲಿ ನೆನೆಸಿ, ಪೂರ್ತಿ ಕರಗುವವರೆಗೆ ಕುದಿಸಿ, ಎಳನೀರು ಕಾಯಿಹಾಲು ಎಲ್ಲ ಸೇರಿ ಸುಮಾರು ಒಂದು ಲೀಟರಿಗೆ ಬೆರೆಸಿದರೆ ಗಟ್ಟಿಯಾಗುತ್ತದೆ. ಬೆರೆಸುವ ಎಳನೀರು, ಕಾಯಿಹಾಲು ಫ್ರಿಜ್‌ನಿಂದ ತೆಗೆದ ತಣ್ಣನೆಯದಾಗಿರಬಾರದು, ಆಗ ಬಿದ್ದಲ್ಲೇ ಗಂಟು ಕಟ್ಟುತ್ತದೆ. ಎಳೆಯ ಗಂಜಿಯನ್ನು ಹೆಚ್ಚಿ ಹಾಕಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕಾಯಿಹಾಲು ಸಿಹಿ ತಿಂಡಿಗೆ ಸರಿ. ಎಳೆ ಮಗುವಿಗೆ ಹಾಲಿನ ಜಾಗದಲ್ಲಿ ಅದನ್ನೇ ಕುಡಿಸಿ ಬೆಳೆಸಲು ಆಗುವುದಿಲ್ಲ, ಅದರಲ್ಲಿ ಜಿಡ್ಡು ಜಾಸ್ತಿ, ಪ್ರೋಟೀನು ಮತ್ತು ಕ್ಯಾಲ್ಸಿಯಂ ಕಡಿಮೆ. ಅದಕ್ಕೆ ಡಾಕ್ಟರು ಹೇಳಿದ್ದನ್ನೇ ಕೊಡಬೇಕು. ನಮ್ಮ ಮಗುವಿಗೆ ರಾಗಿ, ಎಳ್ಳು, ಸೊಪ್ಪು ಜಾಸ್ತಿ ಕೊಡುತ್ತೇವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಇನ್ನು ಎಳ್ಳಿಗೂ, ತೆಂಗಿಗೂ ಅಲರ್ಜಿ ಇರುವವರಿದ್ದಾರೆ, ಕಡಿಮೆ ಜನ, ಆದರೂ ಇದ್ದಾರೆ. ಮನೆಗೆ ಬಂದ ಮಗುವಿಗೆ ಕೊಡುವ ಮೊದಲು ತಾಯಿಯನ್ನು ಒಂದು ಮಾತು ಕೇಳಿ.

ಭಟ್ಟರು ಹೇಳಿದ ಮೂರು ಕಷ್ಟಕ್ಕೆ ನಾನು ಯೋಚಿಸಿದ್ದು ಇಷ್ಟು. ಹುಳಿ ಬರುವ ಕಷ್ಟಕ್ಕೆ, ಬೆಳಿಗ್ಗೆ ಬರೀ ಹಣ್ಣು ಮತ್ತು ಬೆಲ್ಲ ಕಲಸಿಡಿ. ಕಾಯಿಹಾಲನ್ನು ಮಂಜುಗಡ್ಡೆಯ ಮೇಲಿಟ್ಟ ಪಾತ್ರೆಯಲ್ಲಿ ಬೇರೆ ಇಟ್ಟು, ಒಂದೊಂದು ಪಂಕ್ತಿಗೆ ಬೇಕಾದಷ್ಟೇ ಬೆರೆಸಿ. ಮೊದಲಿನ ಅಡುಗೆಯವರು ಮಾಡುತ್ತಿದ್ದದ್ದೂ ಹೀಗೆಯೇ, ಕಡೆಯ ಗಂಟೆಯಲ್ಲಿ ಹಿಂಡುತ್ತಿದ್ದರು. ಆಳಿನ ಕಷ್ಟ ನಿಜ. ಕಾಯಿ ತುರಿಯುವ ಯಂತ್ರ ಈಗ ಬಂದಿದೆ, ಆದರೆ ಹಿಂಡುವುದಕ್ಕೆ ಕೈಯೇ ಬೇಕು. ಇದಕ್ಕೆ ಮದುವೆ ಮನೆಯವರೇ ಹಿಂದಿನಂತೆ ನಾಲ್ಕು ಜನ ಸೇರಿಕೊಳ್ಳಬೇಕು. ಕ್ರಯದ ಬಗ್ಗೆ ನಾನು ಏನೂ ಹೇಳಲಾರೆ, ಕಾಯಿ ಮಾರುವ ನಮ್ಮಂಥವರಿಗೆ ಒಳ್ಳೆಯ ಕ್ರಯ ಬಂದದ್ದಕ್ಕೆ ಖುಷಿಯೇ. ಆದರೆ ಎಂಟು ಬಗೆ ಸಿಹಿ ಮಾಡಿಸುವವರು ಎರಡನ್ನು ಬಿಟ್ಟು ಆ ದುಡ್ಡಿನಲ್ಲಿ ಒಂದು ಸರಿಯಾದ ರಸಾಯನ ಮಾಡಿಸಬಹುದು. ಅದೂ ಆಗದಿದ್ದರೆ ಹಾಲು ಹಾಕಿದ್ದಕ್ಕೆ ರಸಾಯನ ಅನ್ನದೆ ಫ್ರೂಟ್ ಸಲಾಡ್ ಅಂತಲೇ ಕರೆಯಿರಿ. ಆಗ ನಮ್ಮಂಥವರು ಕೇಳಿಯೇ ತಿನ್ನುತ್ತೇವೆ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರತಿ ಅಡುಗೆಯ ಕೆಳಗೆ ಒಂದು ಸಾಲು ಹಾಕಿ, ‘ಇದರಲ್ಲಿ ಹಾಲು ಇದೆ’ ಅಥವಾ ‘ಹಾಲು ಇಲ್ಲ’ ಅಂತ. ಕಡಲೆಕಾಯಿ, ಗೋಡಂಬಿ, ಎಳ್ಳು, ಗೋಧಿಗೂ ಹೀಗೆ ಹಾಕಿದರೆ ಇನ್ನೂ ಒಳ್ಳೆಯದು. ಜಾಗ ಜಾಸ್ತಿ ಬೇಡ. ಇನ್ನೊಂದು, ಕಾಯಿಹಾಲಿನ ಸಿಹಿಗಳಿಗೆ ಒಂದು ಭಾನುವಾರ ಪೂರ್ತಿ ಕೊಡಿ. ಕರಾವಳಿಯವರು, ಮಲೆನಾಡಿನವರು, ಕೊಡಗಿನವರು ಎಲ್ಲರಿಂದಲೂ ಕೇಳಿ ತರಿಸಿ. ನಿಮ್ಮ ಓದುಗರ ಮನೆಗಳಲ್ಲಿ ಬರೆದಿಡದೆ ಉಳಿದ ಅಡುಗೆ ಎಷ್ಟೋ ಇದೆ.

ಆ ಭಾನುವಾರ ಕಾಡುಮಾವಿನ ಹಣ್ಣು ಇರುವ ದಿನಗಳಲ್ಲೇ ಬಂದರೆ ಅದರ ರಸಾಯನವನ್ನೂ ಹಾಕಿ. ಹುಳಿ ಸಿಹಿ ಎರಡೂ ಇರುವ ಸಣ್ಣ ಹಣ್ಣು, ಕೈಯಲ್ಲಿ ಕಿವುಚಿ ರಸ ತೆಗೆಯಬೇಕು, ಬೆಲ್ಲ ಸ್ವಲ್ಪ ಜಾಸ್ತಿ ಬೇಕು, ಕಾಯಿಹಾಲು ಅಷ್ಟೇ. ಗೊರಟನ್ನು ತೆಗೆದುಹಾಕಿ ಅಂತ ಮಾತ್ರ ಬರೆಯಬೇಡಿ, ಅದು ರಸಾಯನದಲ್ಲೇ ಇರಬೇಕು. ನಮ್ಮ ಮನೆಯಲ್ಲಿ ಮಕ್ಕಳು ಗೊರಟನ್ನು ಎಣಿಸಿಯೇ ಬಟ್ಟಲು ತೆಗೆದುಕೊಳ್ಳುತ್ತಾರೆ, ಮೊಮ್ಮಗನಿಗೆ ಯಾವಾಗಲೂ ಒಂದು ಜಾಸ್ತಿ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಪುತ್ತೂರು, ದಕ್ಷಿಣ ಕನ್ನಡ